ಹಲಸಿನ ಮೇಣ ಮತ್ತು ಗರಗಸದ ಬ್ಲೇಡು: ಮುಳ್ಳೇರಿಯ ಕಡೆಯ ಒಂದು ಪ್ರಕರಣ

ಕಾಸರಗೋಡು ಜಿಲ್ಲೆಯ ಮುಳ್ಳೇರಿಯ ಮತ್ತು ಅಡೂರಿನ ನಡುವಿನ ಒಂದು ಮರದ ಮಿಲ್ಲಿನಿಂದ ಬಂದ ದೂರು ಇಷ್ಟೇ: ಅಕೇಶಿಯ ಕೊಯ್ದರೆ ಹಲಗೆ ನೂಲು ಹಿಡಿದಂತೆ ನೇರವಾಗಿ ಬರುತ್ತದೆ, ಹಲಸು ಕೊಯ್ದರೆ ಎರಡು ಮೂರು ಹಲಗೆಯಾಗುವಷ್ಟರಲ್ಲಿ ತೆರೆ ಏಳುತ್ತದೆ. ಯಂತ್ರ ಅದೇ, ಬ್ಲೇಡು ಅದೇ, ಕೆಲಸಗಾರನೂ ಅವನೇ. ಬ್ಲೇಡು ಮಾರಿದವರಿಗೆ ಒಂದು ಸುತ್ತು, ಸಾಣೆ ಹಿಡಿದವರಿಗೆ ಇನ್ನೊಂದು ಸುತ್ತು ಬೈಗುಳ ಸಂದ ಮೇಲೆ ನನಗೆ ಕರೆ ಬಂತು. ನಾನು ಪಂಪು, ಸ್ಪ್ರೇಯರ್, ಹುಲ್ಲು ಕೊಯ್ಯುವ ಯಂತ್ರಗಳ ರಿಪೇರಿಯವನು. ಮರದ ಮಿಲ್ಲು ನನ್ನ ಕಸುಬಲ್ಲ. ಆದರೆ ನೋಡುತ್ತಾ ಹೋದಂತೆ ತೊಂದರೆ ನಿಂತದ್ದು ನೀರು ಎಷ್ಟು, ಎಲ್ಲಿ, ಯಾವಾಗ ಬೀಳಬೇಕು ಎಂಬಲ್ಲಿಗೆ. ಅದು ಪಂಪಿನವನಿಗೆ ಪರಿಚಿತ ಪ್ರದೇಶ.

ಯಂತ್ರ ಸಂಚಾರಿ ಜಾತಿಯದು. ದೊಡ್ಡ ಮಿಲ್ಲಿನಲ್ಲಿ ದಿಮ್ಮಿ ಚಲಿಸುತ್ತದೆ, ಗರಗಸ ನಿಂತಿರುತ್ತದೆ. ಇಲ್ಲಿ ದಿಮ್ಮಿ ನೆಲಕ್ಕಂಟಿದ ಹಳಿಗಳ ಮೇಲೆ ಮಲಗಿರುತ್ತದೆ, ಎಂಜಿನ್ನು ಮತ್ತು ಬ್ಲೇಡು ಹೊತ್ತ ತಲೆಭಾಗವನ್ನು ಕೆಲಸಗಾರ ಕೈಯಿಂದ ತಳ್ಳಿಕೊಂಡು ಹೋಗುತ್ತಾನೆ. ಗುಡ್ಡದ ಬುಡದ ಅಡಿಕೆ ತೋಟದಲ್ಲಿ ಮಳೆಗಾಲದ ಗಾಳಿಗೆ ಬಿದ್ದ ಹಲಸನ್ನು ಲಾರಿಗೆ ಏರಿಸಿ ತರುವುದಕ್ಕಿಂತ ಯಂತ್ರವನ್ನೇ ಮರದ ಬಳಿಗೆ ಕೊಂಡುಹೋಗುವುದು ಸುಲಭ. ಅದಕ್ಕೆಂದೇ ಯಜಮಾನರು ಇದನ್ನು ತಂದಿದ್ದರು. ಕೇರಳದಲ್ಲಿ ಮರದ ಮಿಲ್ಲುಗಳಿಗೆ 2012ರ ನಿಯಮಾವಳಿ ಇದೆ, ಪರವಾನಗಿ, ಕಾಗದಪತ್ರಗಳ ತಾಪತ್ರಯವಿದೆ. ಅದು ಬೇರೆಯೇ ಬರಹಕ್ಕೆ ವಸ್ತು, ಇಲ್ಲಿ ಎತ್ತುವುದಿಲ್ಲ.

ಬ್ಲೇಡು ಬಳೆಯಂತೆ ಕೂಡಿಸಿದ ಉಕ್ಕಿನ ಪಟ್ಟಿ: 32 ಮಿಲಿಮೀಟರು ಅಗಲ, ಒಂದು ಮಿಲಿಮೀಟರಿಗಿಂತ ಕೂದಲಷ್ಟು ಹೆಚ್ಚು ದಪ್ಪ, ಸುತ್ತಳತೆ ಹತ್ತಿರ ಹತ್ತಿರ ನಾಲ್ಕು ಮೀಟರು. 48 ಸೆಂಟಿಮೀಟರು ವ್ಯಾಸದ ಎರಡು ಚಕ್ರಗಳ ಮೇಲೆ ಅದು ಸುತ್ತುತ್ತದೆ. ಚಕ್ರ ನಿಮಿಷಕ್ಕೆ ಸಾವಿರ ಸುತ್ತು ತಿರುಗಿದರೆ ಬ್ಲೇಡಿನ ವೇಗ ಸೆಕೆಂಡಿಗೆ 25 ಮೀಟರು. ಅಂದರೆ ಒಂದೇ ಹಲ್ಲು ಸೆಕೆಂಡಿಗೆ ಆರು ಸಲ ಮರದೊಳಕ್ಕೆ ಹೊಕ್ಕು ಹೊರಬರುತ್ತದೆ. ಈ ಲೆಕ್ಕವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಮೊದಲು ಕಾರಣ

ಬ್ಲೇಡು ಬಿಚ್ಚಿ ನೆಲದ ಮೇಲೆ ಹರಡಿದಾಗ ಕಂಡದ್ದು ಮೇಲ್ಮೈಯಲ್ಲಿ ತೆಳು ಹಳದಿ ಲೇಪ, ಅಡಿಮೈಯಲ್ಲಿ ಕಂದು ಬಣ್ಣದ ದಪ್ಪ ಕರೆ. ಉಗುರಿನಿಂದ ಕೆರೆದರೆ ಕರೆ ಏಳಲಿಲ್ಲ. ಚೂರಿಯ ತುದಿ ಹಾಕಿದಾಗ ಚಕ್ಕೆಯಾಗಿ ಎದ್ದಿತು. ಒಳಗೆ ಮರದ ಹುಡಿ ಮೇಣದಲ್ಲಿ ಬೆಂದು ಬೆಲ್ಲದ ಪಾಕದಂತೆ ಗಟ್ಟಿಯಾಗಿತ್ತು. ಹಲ್ಲುಗಳು ಮಾತ್ರ ಹರಿತವಾಗಿಯೇ ಇದ್ದವು. ಸಾಣೆಯವರಿಗೆ ಬೈದದ್ದು ಅನ್ಯಾಯ ಎಂದು ಅಲ್ಲೇ ಹೇಳಿದೆ.

ಈ ಕರೆ ಮಾಡುವ ಕೆಡುಕು ಹೀಗೆ. ಬ್ಲೇಡಿನ ಹಲ್ಲುಗಳು ಒಂದು ಎಡಕ್ಕೆ, ಒಂದು ಬಲಕ್ಕೆ ಎಂಬಂತೆ ತುಸು ಬಾಗಿರುತ್ತವೆ, ಒಂದೊಂದು ಬದಿಗೆ ಸುಮಾರು ಅರ್ಧ ಮಿಲಿಮೀಟರು. ಹಾಗಾಗಿ ಮರದಲ್ಲಿ ಬೀಳುವ ಸೀಳು ಬ್ಲೇಡಿನ ದಪ್ಪಕ್ಕಿಂತ ಅಗಲವಾಗಿರುತ್ತದೆ. ಬ್ಲೇಡಿನ ಮೈ ಮರಕ್ಕೆ ತಾಗದೆ ಹಾದುಹೋಗುವುದು ಈ ಅರ್ಧ ಮಿಲಿಮೀಟರಿನ ಬಲದಿಂದ. ಒಂದು ಬದಿಗೆ ಕಾಲು ಮಿಲಿಮೀಟರು ಮೇಣ ಕಟ್ಟಿತೆಂದರೆ ಆ ಬದಿಯ ಅರ್ಧ ಜಾಗ ಹೋಯಿತು. ಉಳಿದ ಜಾಗಕ್ಕೆ ಹುಡಿ ಸೇರಿಕೊಂಡಿತೆಂದರೆ ಬ್ಲೇಡು ಮರವನ್ನು ಕೊಯ್ಯುವುದರ ಜೊತೆಗೆ ಉಜ್ಜಲೂ ಆರಂಭಿಸುತ್ತದೆ. ಉಜ್ಜಿದರೆ ಬಿಸಿ. ಬಿಸಿಯಾದ ಉಕ್ಕು ಹಿಗ್ಗುತ್ತದೆ: ನಾಲ್ಕು ಮೀಟರಿನ ಬ್ಲೇಡು 40 ಡಿಗ್ರಿ ಸೆಲ್ಸಿಯಸ್ ಏರಿದರೆ ಹತ್ತಿರ ಹತ್ತಿರ ಎರಡು ಮಿಲಿಮೀಟರು ಉದ್ದವಾಗುತ್ತದೆ. ಸ್ಕ್ರೂ ತಿರುಗಿಸಿ ಬಿಗಿ ಮಾಡುವ ಈ ಯಂತ್ರದಲ್ಲಿ ಆ ಸಡಿಲವನ್ನು ಎಳೆದುಕೊಳ್ಳುವ ಸ್ಪ್ರಿಂಗ್ ಇಲ್ಲ. ಬಿಗಿ ತಪ್ಪಿದ ಬ್ಲೇಡು ಗಂಟು ಕಂಡಲ್ಲಿ ಮೇಲಕ್ಕೋ ಕೆಳಕ್ಕೋ ಜಾರುತ್ತದೆ. ಅದೇ ಹಲಗೆಯ ಮೇಲಿನ ತೆರೆ.

ಇದು ಊಹೆಯೇ ಸತ್ಯವೇ ಎಂದು ತಿಳಿಯಲು ಹೆಚ್ಚು ಸಾಮಾನು ಬೇಕಿಲ್ಲ. ಅದೇ ಬ್ಲೇಡನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಸಾಣೆ ಹಿಡಿಯದೆ ಮತ್ತೆ ಏರಿಸಿದೆವು. ಅದೇ ಹಲಸಿನ ದಿಮ್ಮಿಯ ಮೊದಲ ಹಲಗೆ ನೇರವಾಗಿ ಬಂತು. ಮುಂದಿನದ್ದೂ ಬಂತು. ಆಮೇಲೆ ಮತ್ತೆ ತೆರೆ. ಯಂತ್ರ ನಿಲ್ಲಿಸಿ ನೋಡಿದರೆ ಹಳದಿ ಲೇಪ ಮರಳಿ ಬಂದಿತ್ತು. ಹಲ್ಲು ಮೊಂಡಾಗಿದ್ದರೆ ತೊಳೆದ ಮಾತ್ರಕ್ಕೆ ಮೊದಲ ಹಲಗೆ ನೇರ ಬರುತ್ತಿರಲಿಲ್ಲ. ಬ್ಲೇಡು ಬದಲಿಸುವ ಮೊದಲು ಈ ಪರೀಕ್ಷೆಯನ್ನು ಎಲ್ಲರೂ ಮಾಡಬೇಕೆಂಬುದು ನನ್ನ ಅಭಿಪ್ರಾಯ. ಒಂದು ಲೋಟ ಸೀಮೆಎಣ್ಣೆಗೂ ಹೊಸ ಬ್ಲೇಡಿಗೂ ಇರುವ ಬೆಲೆಯ ಅಂತರ ಸಣ್ಣದಲ್ಲ.

ಹಿಂದೆ ಮಾಡಿ ನೋಡಿದ್ದು

ಮಿಲ್ಲಿನವರು ಸುಮ್ಮನೆ ಕುಳಿತಿರಲಿಲ್ಲ. ಎರಡು ಉಪಾಯ ಮಾಡಿದ್ದರು. ಒಂದು, ತೋಟಕ್ಕೆ ನೀರು ಬಿಡುವ ಪೈಪನ್ನೇ ತಂದು ಬ್ಲೇಡಿನ ಮೇಲೆ ಹಾಯಿಸಿದ್ದು. ಇನ್ನೊಂದು, ಡೀಸೆಲಿಗೆ ಎಂಜಿನ್ನಿನ ಸುಟ್ಟ ಎಣ್ಣೆ ಬೆರೆಸಿ ಹಳೆಯ ಶರಬತ್ತಿನ ಬಾಟಲಿಯಿಂದ ಹನಿಸಿದ್ದು.

ನೀರಿನ ಪೈಪು ಬ್ಲೇಡನ್ನು ತಂಪಾಗಿಟ್ಟಿತು, ಉಳಿದೆಲ್ಲವನ್ನೂ ಕೆಡಿಸಿತು. ಒಣ ಹುಡಿ ಹಲ್ಲಿನ ಸಂದಿಯಲ್ಲಿ ಕುಳಿತು ಹೊರಗೆ ಹಾರುತ್ತದೆ. ಒದ್ದೆ ಹುಡಿ ಮುದ್ದೆಯಾಗಿ ಹಲಗೆಗೆ ಅಂಟುತ್ತದೆ, ಹುಡಿ ಹೊರಬೀಳುವ ಬಾಯಿಯನ್ನು ಮುಚ್ಚುತ್ತದೆ. ಚಕ್ರದ ಮೇಲೆ ರಬ್ಬರ್ ಬೆಲ್ಟು ಇದೆ, ಅದು ಒದ್ದೆಯಾಗಿ ಜಾರತೊಡಗಿತು. ಬ್ಲೇಡನ್ನು ಹಿಡಿದು ನಡೆಸುವ ರೋಲರಿನ ಬೇರಿಂಗಿಗೆ ನೀರು ನುಗ್ಗಿ ಅದು ಹಿಡಿದುಕೊಂಡಿತು. ಇಷ್ಟಾದರೂ ಅಡಿಮೈಯ ಕರೆ ಹೋಗಲಿಲ್ಲ, ಯಾಕೆಂದರೆ ಬ್ಲೇಡು ಅಡ್ಡಲಾಗಿ ಮಲಗಿರುತ್ತದೆ, ಮೇಲಿನಿಂದ ಬಿದ್ದ ನೀರು ಮೇಲ್ಮೈಯಲ್ಲೇ ಹರಿದು ಅಂಚಿನಿಂದ ಉದುರುತ್ತದೆ.

ಇನ್ನೊಂದು ಕಿರುಕುಳ ಬಂದದ್ದು ಆಚಾರಿಯ ಕಡೆಯಿಂದ. ದಾರಂದಕ್ಕೆಂದು ಒಯ್ದ ಹಲಸಿನ ತುಂಡುಗಳಲ್ಲಿ ಕಪ್ಪು ಗೀರುಗಳಿದ್ದವು, ಬ್ಲೇಡು ಮಧ್ಯದಲ್ಲಿ ನಿಂತ ಕಡೆಯಲ್ಲಂತೂ ಕಾಡಿಗೆ ಎಳೆದಂತೆ. ಹಲಸಿನ ಮರದ ತಿರುಳಿನಲ್ಲಿ ಮೋರಿನ್ ಎಂಬ ಹಳದಿ ಬಣ್ಣದ ವಸ್ತು ಇದೆ. ಬೌದ್ಧ ಭಿಕ್ಷುಗಳ ಚೀವರಕ್ಕೆ ಬಣ್ಣ ಕೊಡಲು ಹಲಸಿನ ಮರದ ಚಕ್ಕೆಯನ್ನು ಬೇಯಿಸುತ್ತಿದ್ದದ್ದು ಇದಕ್ಕಾಗಿಯೇ. ಇಂಥ ವಸ್ತುಗಳೂ ಮರದ ಒಗರೂ ಕಬ್ಬಿಣದ ಜೊತೆ ಒದ್ದೆಯಲ್ಲಿ ಸೇರಿದರೆ ಕಪ್ಪಾಗುತ್ತವೆ. ಬ್ಲೇಡು ಕಬ್ಬಿಣದ್ದೇ ಎಂಬುದು ಸರಿ. ಆದರೆ ಮಿಲ್ಲಿನ ಕೊಳವೆಬಾವಿಯ ನೀರಿನಲ್ಲೂ ಕಬ್ಬಿಣವಿತ್ತು, ತೊಟ್ಟಿಯ ಸುತ್ತ ಕೆಂಪು ಗಸಿ ಕಟ್ಟಿದ್ದು ಅದಕ್ಕೆ ಸಾಕ್ಷಿ. ಮೇಲಿನ ಕಲೆ ಕೀಸುಳಿಗೆ ಹೋಗುತ್ತದೆ, ಇಳಿದ ಕಲೆಗೆ ಆಕ್ಸಾಲಿಕ್ ಆಮ್ಲದ ದ್ರಾವಣ ಹಚ್ಚಬೇಕು. ಆಚಾರಿಗೆ ಎರಡೂ ಹೆಚ್ಚುವರಿ ಕೆಲಸ, ಸಂಬಳವಿಲ್ಲದ್ದು.

ಡೀಸೆಲ್ಲಿನ ಉಪಾಯ ಮೇಣವನ್ನು ನಿಜಕ್ಕೂ ಬಿಡಿಸಿತು. ಅದನ್ನು ಒಪ್ಪಬೇಕು. ಆದರೆ ರಬ್ಬರ್ ಬೆಲ್ಟು ಡೀಸೆಲ್ ಕುಡಿದು ಊದುತ್ತದೆ, ಹುಡಿಯ ರಾಶಿಗೆ ಬೆಂಕಿಯ ಭಯ ಬರುತ್ತದೆ, ಸುಟ್ಟ ಎಣ್ಣೆ ಚರ್ಮಕ್ಕೂ ಶ್ವಾಸಕ್ಕೂ ಕೆಟ್ಟದ್ದು. ದೇವರ ಕೋಣೆಯ ಬಾಗಿಲಿಗೆ ಒಯ್ದ ಹಲಗೆ ಡೀಸೆಲ್ ನಾರುತ್ತದೆ ಎಂದು ಮರಳಿ ಬಂದ ಮೇಲೆ ಬಾಟಲಿ ಮೂಲೆ ಸೇರಿತ್ತು.

ಇಲ್ಲಿ ಒಂದು ವಿಚಿತ್ರವನ್ನು ಹೇಳಲೇಬೇಕು. ಹಲಸಿನ ಹಣ್ಣು ಕೊಯ್ಯುವ ಮೊದಲು ಕತ್ತಿಗೂ ಕೈಗೂ ತೆಂಗಿನೆಣ್ಣೆ ಹಚ್ಚಬೇಕೆಂಬುದು ಇಲ್ಲಿನ ಚಿಕ್ಕ ಮಕ್ಕಳಿಗೂ ಗೊತ್ತು. 2018ರಲ್ಲಿ ಕೇರಳ ಸರಕಾರ ಹಲಸನ್ನು ರಾಜ್ಯದ ಹಣ್ಣು ಎಂದು ಘೋಷಿಸುವುದಕ್ಕೆ ಎಷ್ಟೋ ತಲೆಮಾರು ಮೊದಲೇ ನಮ್ಮ ಅಡಿಗೆಮನೆಗಳಲ್ಲಿ ಈ ಸಮಸ್ಯೆಗೆ ಪರಿಹಾರ ಸಿಕ್ಕಿ ಆಗಿತ್ತು. ಎಣ್ಣೆ ಹಚ್ಚಿದ ಲೋಹಕ್ಕೆ ಮೇಣ ಹತ್ತುವುದಿಲ್ಲ. ಹತ್ತಿದರೂ ಒರೆಸಿದರೆ ಬರುತ್ತದೆ. ಒಂದು ಇಡೀ ಹಣ್ಣಿಗೆ ಬೇಕಾಗುವ ಎಣ್ಣೆ ಒಂದು ಚಮಚ. ಕೊಡಪಾನ ನೀರು ಹೊಯ್ದು ಹಲಸು ಕೊಯ್ಯುವವರನ್ನು ಯಾರೂ ನೋಡಿಲ್ಲ. ಅದೇ ಮನೆಯ ಗಂಡಸರು ಮಿಲ್ಲಿಗೆ ಬಂದ ಕೂಡಲೇ ಪೈಪು ಹಿಡಿದದ್ದು ಯಾಕೆಂದು ನನಗೆ ಈಗಲೂ ಬಗೆಹರಿದಿಲ್ಲ.

ಎಷ್ಟು ದ್ರವ ಸಾಕು

ಆದ್ದರಿಂದ ನಾನು ಪ್ರಮಾಣದಿಂದ ಶುರು ಮಾಡಿದೆ, ನೀರು ತುಂಬುವ ಕ್ಯಾನಿನಿಂದಲ್ಲ. ಔಷಧದ ಅಂಗಡಿಯಲ್ಲಿ ಸಿಗುವ ಹೊಸ ಗ್ಲೂಕೋಸ್ ಡ್ರಿಪ್ ಸೆಟ್ಟು ಈ ಕೆಲಸಕ್ಕೆ ಹೇಳಿ ಮಾಡಿಸಿದ ಅಳತೆಗೋಲು. ದೊಡ್ಡ ಹನಿಯ ಸಾಮಾನ್ಯ ಸೆಟ್ಟಿನಲ್ಲಿ 20 ಹನಿಗೆ ಒಂದು ಮಿಲಿಲೀಟರು. ಸೆಕೆಂಡಿಗೆ ಒಂದು ಹನಿ ಬಿಟ್ಟರೆ ಗಂಟೆಗೆ 180 ಮಿಲಿಲೀಟರು. ಆಸ್ಪತ್ರೆಯಲ್ಲಿ ಬಳಸಿ ಎಸೆದದ್ದನ್ನು ತರಬೇಡಿ. ಹೊಸದರ ಬೆಲೆ ಒಂದು ಊಟದಷ್ಟೂ ಇಲ್ಲ.

ಮೊದಲು ಸೆಕೆಂಡಿಗೆ ಒಂದು ಹನಿಯಂತೆ, ಪಾತ್ರೆ ತೊಳೆಯುವ ಸೋಪಿನ ದ್ರವ ಬೆರೆಸಿದ ನೀರು ಬಿಟ್ಟೆವು. ಒಣಗಿದ ಮಾವಿಗೆ ಅಷ್ಟೇ ಸಾಕಾಯಿತು. ಹಸಿ ಹಲಸಿಗೆ ಸಾಲಲಿಲ್ಲ. ಹನಿಗಳು ಎಣಿಕೆಗೆ ಸಿಗದೆ ಸಪೂರ ಧಾರೆಯಾಗುವವರೆಗೆ ಏರಿಸುತ್ತಾ ಹೋದಾಗ ಒಂದು ಹಂತದಲ್ಲಿ ಬ್ಲೇಡು ಬೆಳ್ಳಗೆ ಉಳಿಯಿತು, ಹುಡಿ ಇನ್ನೂ ಪುಡಿಪುಡಿಯಾಗಿಯೇ ಉದುರುತ್ತಿತ್ತು. ಅಲ್ಲಿ ಅಳೆದೆವು. ಕೆಮ್ಮಿನ ಔಷಧದ ಗೆರೆ ಹಾಕಿದ ಮುಚ್ಚಳಕ್ಕೆ ಒಂದು ನಿಮಿಷ ಹಿಡಿದರೆ ಸುಮಾರು 17 ಮಿಲಿಲೀಟರು, ಅಂದರೆ ಗಂಟೆಗೆ ಒಂದು ಲೀಟರು. ಅದಕ್ಕಿಂತ ಹೆಚ್ಚಿಸಿದಾಗ ಬ್ಲೇಡಿಗೆ ಲಾಭವೇನೂ ಕಾಣಲಿಲ್ಲ, ಹುಡಿ ಮಾತ್ರ ಮುದ್ದೆಯಾಗತೊಡಗಿತು. ಪೈಪಿನಿಂದ ಹಾಯುತ್ತಿದ್ದ ನೀರಿನ ಎದುರು ಇದು ಏನೂ ಅಲ್ಲ. ಆದರೆ ಬ್ಲೇಡಿನ ಪ್ರತಿ ತುಣುಕೂ ಸೆಕೆಂಡಿಗೆ ಆರು ಸಲ ಅದೇ ಜಾಗಕ್ಕೆ ಬರುತ್ತದಲ್ಲ. ಪ್ರತಿ ಸಲವೂ ಅದಕ್ಕೆ ಸಿಗಬೇಕಾದದ್ದು ಉಸಿರು ಬಿಟ್ಟ ಕನ್ನಡಿಯ ಮೇಲಿನಷ್ಟು ತೇವ.

ಈ ಮಾಪನ ಮುಗಿದ ಮೇಲೆ ಡ್ರಿಪ್ ಸೆಟ್ಟಿನ ಕೆಲಸವೂ ಮುಗಿಯಿತು. ಆಸ್ಪತ್ರೆಯ ನಳಿಗೆ ತೋಟದ ಬಿಸಿಲು ಆಗದು, ಬೇಗ ಸೆಡೆತುಕೊಳ್ಳುತ್ತದೆ.

ಕಟ್ಟಿದ ಬಗೆ

ಐದು ಲೀಟರಿನ ಪ್ಲಾಸ್ಟಿಕ್ ಕ್ಯಾನನ್ನು ಗರಗಸದ ತಲೆಭಾಗಕ್ಕೇ ಕಬ್ಬಿಣದ ಪಟ್ಟಿಯಿಂದ ಬಿಗಿದೆವು. ಹಳಿಯ ಚೌಕಟ್ಟಿಗೆ ಕಟ್ಟಿದ್ದರೆ ಕೆಲಸ ಸುಲಭವಿತ್ತು, ಆದರೆ ಪ್ರತಿ ಹಲಗೆಗೂ ತಲೆಭಾಗ ಕೆಳಗಿಳಿಯುತ್ತದೆ. ಕ್ಯಾನು ನಿಂತಲ್ಲೇ ನಿಂತರೆ ನೀರಿನ ಬೀಳು (ಬೀಳುವ ಎತ್ತರ) ಹೆಚ್ಚುತ್ತಾ ಹೋಗಿ ಕೊನೆಯ ಹಲಗೆಗೆ ಬೇಡದಷ್ಟು ನೀರು. ಜೊತೆಯಲ್ಲೇ ಏರಿ ಇಳಿಯುವ ಕ್ಯಾನಿಗೆ ಆ ತೊಂದರೆ ಇಲ್ಲ.

ಇನ್ನೊಂದು ಬಗೆಯ ಏರುಪೇರು ಮಾತ್ರ ಉಳಿಯುತ್ತದೆ: ಕ್ಯಾನು ಖಾಲಿಯಾದಂತೆ ನೀರಿನ ಒತ್ತಡ ಇಳಿಯುವುದು. ತುಂಬಿದಾಗ ನೀರಿನ ಮಟ್ಟ ತೂತಿನಿಂದ 60 ಸೆಂಟಿಮೀಟರು ಮೇಲಿದ್ದು, ಮುಗಿಯುವಾಗ 30ಕ್ಕೆ ಬಂದರೆ ಹರಿವು ನೂರಕ್ಕೆ ಎಪ್ಪತ್ತಕ್ಕೆ ಇಳಿಯುತ್ತದೆ. ಉದ್ದನೆಯ ಸಪೂರ ನಳಿಗೆಯಾದರೆ ಅರ್ಧಕ್ಕೇ ಇಳಿಯಬಹುದು. ಬೆಳಗ್ಗೆ ಸರಿಹೊಂದಿಸಿದ ವಾಲ್ವನ್ನು ಮಧ್ಯಾಹ್ನ ಮತ್ತೆ ಮುಟ್ಟಬೇಕಾಗುವುದು ಇದರಿಂದ. ಇದಕ್ಕೆ 17ನೇ ಶತಮಾನದಷ್ಟು ಹಳೆಯ ಮದ್ದಿದೆ, ಮಾರಿಯೋಟ್ ಎಂಬ ಫ್ರೆಂಚ್ ವಿಜ್ಞಾನಿಯ ಹೆಸರಿನದು. ಕ್ಯಾನಿನ ಮುಚ್ಚಳವನ್ನು ಗಾಳಿಯಾಡದಂತೆ ಬಿಗಿದು, ಅದರ ಮೂಲಕ ಒಂದು ನಳಿಗೆಯನ್ನು ತಳದ ಹತ್ತಿರದವರೆಗೆ ಇಳಿಸುವುದು. ಗಾಳಿ ಒಳಗೆ ಬರಬೇಕಾದರೆ ಆ ನಳಿಗೆಯ ಕೆಳತುದಿಯಿಂದಲೇ ಗುಳ್ಳೆಯಾಗಿ ಬರಬೇಕು. ಆಗ ಮೇಲಿನ ನೀರು ಎಷ್ಟೇ ಇರಲಿ, ಹರಿವಿನ ಒತ್ತಡ ನಿರ್ಧಾರವಾಗುವುದು ನಳಿಗೆಯ ತುದಿಯ ಎತ್ತರದಿಂದ. ನೀರು ಆ ತುದಿಗಿಂತ ಕೆಳಗಿಳಿಯುವ ತನಕ ಧಾರೆ ಒಂದೇ ಸಮ. ಬಾಲ್ ಪೆನ್ನಿನ ಖಾಲಿ ಕೊಳವೆಯಲ್ಲಿ ಮಾಡಿ ತೋರಿಸಿದಾಗ ಕೆಲಸದ ಹುಡುಗರು ಯಂತ್ರ ಬಿಟ್ಟು ಅದನ್ನೇ ನೋಡುತ್ತಾ ನಿಂತರು. ಒಂದು ಎಚ್ಚರಿಕೆ: ಕ್ಯಾನು ಬಿಸಿಲಿಗೆ ಕಾದರೆ ಒಳಗಿನ ಗಾಳಿ ಹಿಗ್ಗಿ ನೀರನ್ನು ತಳ್ಳುತ್ತದೆ, ಆಗ ಧಾರೆ ಸ್ವಲ್ಪ ಹೊತ್ತು ಹೆಚ್ಚಾಗುತ್ತದೆ. ಅಡಿಕೆ ಹಾಳೆಯ ಒಂದು ಮರೆ ಕಟ್ಟಿದೆವು, ಸಾಕಾಯಿತು.

ಕ್ಯಾನಿನ ಕೆಳಗೆ ಹನಿ ನೀರಾವರಿಯ ಸಣ್ಣ ಜಾಲರಿ ಫಿಲ್ಟರು, 120 ಮೆಷ್‌ನದು. ಅಡಿಕೆ ತೋಟ ಇರುವ ಮನೆಯಲ್ಲಿ ಇಂಥದ್ದೊಂದು ಹಳೆಯದು ಬಿದ್ದೇ ಇರುತ್ತದೆ. ಬೈಕಿನ ಪೆಟ್ರೋಲ್ ಫಿಲ್ಟರು ಹಾಕೋಣ ಎಂಬ ಸಲಹೆ ಬಂದಿತ್ತು. ಅದರೊಳಗಿನದು ಕಾಗದ, ನೀರಿಗೆ ಒದಗುವುದಿಲ್ಲ. ಹನಿ ನೀರಾವರಿಯ ಡ್ರಿಪ್ಪರನ್ನೇ ತುದಿಗೆ ಚುಚ್ಚುವ ಸಲಹೆಯೂ ಬಂತು. ಗಂಟೆಗೆ ನಾಲ್ಕು ಲೀಟರು ಎಂದು ಅದರ ಮೇಲೆ ಬರೆದಿರುವುದು ಪಂಪಿನ ಒತ್ತಡದ ಲೆಕ್ಕ. ಅರ್ಧ ಮೀಟರು ಎತ್ತರದ ಕ್ಯಾನಿನಿಂದ ಅದು ಹನಿಸಬಹುದು, ಹನಿಸದಿರಬಹುದು. ಸಣ್ಣ ಹಿತ್ತಾಳೆಯ ಸೂಜಿ ವಾಲ್ವು ಹಾಕಿ, ಸರಿಯಾದ ಜಾಗಕ್ಕೆ ತಿರುಗಿಸಿ, ಉಗುರುಬಣ್ಣದ ಗುರುತು ಹಾಕಿದೆವು.

ಮುಂದಿನದು ತಾನಾಗಿ ತೆರೆದು ಮುಚ್ಚುವ ವಿದ್ಯುತ್ ವಾಲ್ವು. ಕೆಲಸಗಾರ ಹಲಗೆ ಕೊಯ್ದು ತಲೆಭಾಗವನ್ನು ಹಿಂದಕ್ಕೆ ಎಳೆಯುವಾಗ, ಹಲಗೆ ಎತ್ತಿ ಇಡುವಾಗ, ಬೀಡಿ ಹಚ್ಚುವಾಗ ನೀರು ಬೀಳಬಾರದು. ಕೈಯಿಂದ ಮುಚ್ಚಬೇಕಾದ ಕೀಲಿಯನ್ನು ಯಾರೂ ಮುಚ್ಚುವುದಿಲ್ಲ. ಇದು ನನ್ನ ಇಷ್ಟು ವರ್ಷಗಳ ರಿಪೇರಿಯ ಅನುಭವದ ಮಾತು. ಮಿಲ್ಲಿನ ಹುಡುಗನೊಬ್ಬ ಹಾಳಾದ ವಾಷಿಂಗ್ ಮೆಷಿನಿನಿಂದ ಒಂದು ವಾಲ್ವು ಬಿಚ್ಚಿ ತಂದ. ಅದು 230 ವೋಲ್ಟಿನದು ಎಂಬುದು ಮೊದಲ ತೊಡಕು. ಎರಡನೆಯದು ಕಣ್ಣಿಗೆ ಕಾಣದ್ದು. ಆ ಜಾತಿಯ ವಾಲ್ವಿನೊಳಗೆ ರಬ್ಬರಿನ ಪರದೆ ಇದೆ, ಅದನ್ನು ಎತ್ತುವುದು ನಲ್ಲಿ ನೀರಿನ ಒತ್ತಡವೇ, ಕಾಯಿಲು (ವಿದ್ಯುತ್ ಹರಿದರೆ ಅಯಸ್ಕಾಂತವಾಗುವ ತಂತಿಯ ಸುರುಳಿ) ಬರೀ ದಾರಿ ತೋರಿಸುತ್ತದೆ. ಅರ್ಧ ಮೀಟರು ನೀರಿನ ಒತ್ತಡ 0.05 ಬಾರ್. ಅಷ್ಟರಲ್ಲಿ ಪರದೆ ಸರಿಯಾಗಿ ಏಳುವ ಭರವಸೆ ಇಲ್ಲ. ಕಾಯಿಲಿನ ಬಲದಿಂದಲೇ ನೇರವಾಗಿ ತೆರೆಯುವ, ಶೂನ್ಯ ಒತ್ತಡದಲ್ಲೂ ಕೆಲಸ ಮಾಡುವ ಬಗೆಯದ್ದೇ ಬೇಕು. ಅಂಗಡಿಯಲ್ಲಿ ಕೇಳುವಾಗ ಈ ಒಂದು ಮಾತನ್ನು ಒತ್ತಿ ಕೇಳಿ. ಮಂಗಳೂರಿನಿಂದ 12 ವೋಲ್ಟಿನದೊಂದನ್ನು ತರಿಸಿದೆವು.

ಎಂಜಿನ್ನು ಸ್ಟಾರ್ಟ್ ಮಾಡಲು ಬ್ಯಾಟರಿ ಇದ್ದೇ ಇದೆ. ಅದರಿಂದ ಎರಡು ಆಂಪಿಯರಿನ ಫ್ಯೂಸಿನ ಮೂಲಕ ತಂತಿ ಎಳೆದು, ತಳ್ಳುವ ಹಿಡಿಕೆಯ ಎಕ್ಸಲರೇಟರ್ ಲಿವರಿನ ಅಡಿಯಲ್ಲಿ ಒಂದು ಮೈಕ್ರೋಸ್ವಿಚ್ ಕೂರಿಸಿದೆವು. ಲಿವರು ಒತ್ತಿದರೆ ಬ್ಲೇಡು ಓಡುತ್ತದೆ, ನೀರೂ ಬೀಳುತ್ತದೆ. ಬಿಟ್ಟರೆ ಎರಡೂ ನಿಲ್ಲುತ್ತವೆ. ಕಾಯಿಲಿಗೆ ಅಡ್ಡಲಾಗಿ, ಬೆಳ್ಳಿಗೆರೆ ಬ್ಯಾಟರಿಯ ಧನ ತುದಿಯ ಕಡೆಗೆ ಬರುವಂತೆ, 1ಎನ್4007 ಡಯೋಡ್ ಒಂದನ್ನು ಬೆಸೆಯಬೇಕು. ಇಲ್ಲವಾದರೆ ಪ್ರತಿ ಸಲ ಸ್ವಿಚ್ಚು ಬಿಟ್ಟಾಗ ಕಾಯಿಲು ಹೊಡೆಯುವ ಕಿಡಿಗೆ ಸ್ವಿಚ್ಚಿನ ಮೂತಿ ಸುಟ್ಟುಹೋಗುತ್ತದೆ. ಕಾರಿನ ಗಾಜು ತೊಳೆಯುವ ಪಂಪು ಬಳಸಿದರೆ ಇಷ್ಟೆಲ್ಲ ಬೇಡವಲ್ಲ ಎಂದು ಯಜಮಾನರು ಕೇಳಿದ್ದರು. ಆ ಪಂಪು ಕೆಲವು ಸೆಕೆಂಡು ಓಡಿ ನಿಲ್ಲಲೆಂದು ಮಾಡಿದ್ದು, ಹಲಗೆಯ ಉದ್ದಕ್ಕೂ ಓಡಿಸಿದರೆ ಬಿಸಿಯಾಗಿ ಸಾಯುತ್ತದೆ. ಬೀಳು ಇರುವಲ್ಲಿ ಪಂಪು ಯಾಕೆ?

ಫೆಲ್ಟ್

ಇಷ್ಟನ್ನು ಬಹಳ ಮಂದಿ ಮಾಡುತ್ತಾರೆ, ತುದಿಯಲ್ಲಿ ಎಡವುತ್ತಾರೆ. ನಳಿಗೆಯನ್ನು ಬ್ಲೇಡಿನ ಮೇಲೆ ನೇತುಹಾಕಿದರೆ ಮೊದಲೇ ಹೇಳಿದ ಹಾಗೆ ಮೇಲ್ಮೈ ಮಾತ್ರ ತೊಯ್ಯುತ್ತದೆ. ಅದೂ ಸೆಕೆಂಡಿಗೆ 25 ಮೀಟರು ವೇಗದ ಉಕ್ಕಿಗೆ ಬಿದ್ದ ಹನಿಯ ಬಹುಪಾಲು ಸಿಡಿದು ಹೋಗುತ್ತದೆ.

ಬ್ಲೇಡು ಮರದೊಳಕ್ಕೆ ಹೊಗುವ ಬದಿಯಲ್ಲಿ, ನಡೆಸುವ ರೋಲರಿಗಿಂತ ತುಸು ಮೊದಲು, ಎರಡು ಫೆಲ್ಟ್ (ಒತ್ತಿ ಮಾಡಿದ ಉಣ್ಣೆಯ ದಪ್ಪ ಬಟ್ಟೆ) ತುಂಡುಗಳನ್ನು ಕೂರಿಸಿದೆವು, ಒಂದು ಮೇಲೆ, ಒಂದು ಕೆಳಗೆ. ಅಡಿಯದ್ದು ಸ್ಥಿರ. ಮೇಲಿನದು ಸಣ್ಣ ತಿರುಗಣೆಯ ಮೇಲೆ, ಅದನ್ನು ಒತ್ತಲು ಒಂದು ಮೆತ್ತನೆಯ ಸ್ಪ್ರಿಂಗು. ಒತ್ತಡ ಎಷ್ಟೆಂದರೆ ಎರಡರ ನಡುವೆ ಸಿಕ್ಕಿಸಿದ ಪೋಸ್ಟ್ ಕಾರ್ಡು ಎಳೆದರೆ ಸಲೀಸಾಗಿ ಬರಬೇಕು, ಬಿಟ್ಟರೆ ಬೀಳಬಾರದು. ನಳಿಗೆ ಎರಡಾಗಿ ಒಡೆದು ಎರಡೂ ತುಂಡುಗಳ ಬೆನ್ನಿಗೆ ತಲುಪುತ್ತದೆ. ಹೀಗೆ ಅಡಿಮೈಗೂ ತೇವ ಸಿಗುತ್ತದೆ, ಜೊತೆಗೆ ಹಿಂದಿನ ಸುತ್ತಿನಲ್ಲಿ ಅಂಟಿದ ಮೇಣ ಇನ್ನೂ ಮೆತ್ತಗಿರುವಾಗಲೇ ಒರೆಸಿ ಹೋಗುತ್ತದೆ. ಎದುರು ಬದಿಯಲ್ಲಿ, ಬ್ಲೇಡು ಮರದಿಂದ ಹೊರಬರುವಲ್ಲಿ ನೀರು ಹಾಕುವುದು ದಂಡ. ಅದು ನೇರವಾಗಿ ಚಕ್ರದ ಬೆಲ್ಟಿಗೆ ಹೋಗಿ ಸೇರುತ್ತದೆ.

ಫೆಲ್ಟಿನ ಅಗಲ ಬ್ಲೇಡಿನ ಬೆನ್ನಿನಿಂದ ಹಲ್ಲಿನ ಬುಡದವರೆಗೆ ಮಾತ್ರ ಇರಬೇಕು. ಹಲ್ಲು ತಾಗಿದರೆ ಕ್ಷಣದಲ್ಲಿ ಫೆಲ್ಟನ್ನು ನೂಲು ನೂಲಾಗಿ ಬಿಡಿಸುತ್ತದೆ, ಆ ನೂಲು ರೋಲರಿಗೆ ಸುತ್ತಿಕೊಳ್ಳುತ್ತದೆ. ಹಳೆಯ ಕಂಬಳಿಯ ತುಂಡು ಹಾಕಿದರೂ ಇದೇ ಗತಿ; ನೇಯ್ದದ್ದು ಬೇಡ, ಒತ್ತಿ ಮಾಡಿದ ಉಣ್ಣೆಯ ಫೆಲ್ಟೇ ಆಗಬೇಕು. ಮೋಟಾರು ಬೇರಿಂಗಿನ ಸಾಮಾನು ಮಾರುವಲ್ಲಿ ಸಿಗುತ್ತದೆ. ಇವೆಲ್ಲವೂ ಬ್ಲೇಡಿನ ಮುಚ್ಚಳದ ಒಳಗೇ ಇರಬೇಕು, ಹೊಂದಿಸುವಾಗ ಎಂಜಿನ್ನಿನ ಕೀಲಿ ನಿಮ್ಮ ಕಿಸೆಯಲ್ಲಿರಬೇಕು. ಮುಚ್ಚಳ ತೆರೆದು ಓಡಿಸಿ ನೋಡುವ ಆಸೆ ಯಾರಿಗೂ ಬೇಡ. ತುಂಡಾದ ಬ್ಲೇಡು ಎತ್ತ ಹಾರುತ್ತದೆಂದು ಹೇಳಲಾಗದು.

ದ್ರವದ ವಿಷಯ ಬೇಗ ಮುಗಿಯಿತು. ಐದು ಲೀಟರು ನೀರಿಗೆ ಒಂದು ದೊಡ್ಡ ಚಮಚ ಪಾತ್ರೆ ತೊಳೆಯುವ ದ್ರವ. ಬಟ್ಟೆಯ ಸೋಪಿನ ಹುಡಿ ಬೇಡ, ಅದು ಪೂರ್ತಿ ಕರಗದೆ ಸೂಜಿ ವಾಲ್ವಿನಲ್ಲಿ ಕೂರುತ್ತದೆ. ಕೊಳವೆಬಾವಿ ಬಿಟ್ಟು ಯಜಮಾನರ ತೋಟದ ಸುರಂಗದ ನೀರು ತುಂಬಿಸತೊಡಗಿದರು. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ನಮ್ಮ ಕಡೆಯ ಸುರಂಗ. ಅದರಲ್ಲಿ ಆ ಕೆಂಪು ಗಸಿ ಇರಲಿಲ್ಲ, ಹಲಗೆಯ ಗೀರುಗಳು ಗಣನೀಯವಾಗಿ ಕಡಿಮೆಯಾದವು. ಹಲಸಿನ ದಿಮ್ಮಿ ಹಳಿಗೆ ಏರಿದಾಗ ಮಾತ್ರ ಫೆಲ್ಟಿಗೆ ನಾಲ್ಕಾರು ಹನಿ ತೆಂಗಿನೆಣ್ಣೆ. ಕ್ಯಾನಿಗೇ ಎಣ್ಣೆ ಬೆರೆಸಿದರೆ ಸೋಪು ಅದನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ, ಚಹಾ ಕುಡಿದು ಬರುವಷ್ಟರಲ್ಲಿ ಎಣ್ಣೆ ಮೇಲೆ ತೇಲುತ್ತದೆ. ನೀರು ಹೊರಡುವುದು ತಳದಿಂದ, ಹಾಗಾಗಿ ಎಣ್ಣೆ ಕೊನೆಗೆ ಒಟ್ಟಿಗೆ ಬರುತ್ತದೆ. ತೆಂಗಿನೆಣ್ಣೆ 24 ಡಿಗ್ರಿಯ ಸುಮಾರಿಗೆ ಹೆಪ್ಪುಗಟ್ಟುವುದರಿಂದ ಡಿಸೆಂಬರದ ಬೆಳಗ್ಗೆ ಬಾಟಲಿಯನ್ನು ಎಂಜಿನ್ನಿನ ಪಕ್ಕ ಇಡಬೇಕು.

ರಬ್ಬರ್ ತೋಟವಿರುವ ಒಬ್ಬರು ಅಮೋನಿಯ ಹಾಕಲು ಹೇಳಿದರು. ರಬ್ಬರ್ ಹಾಲು ಹೆಪ್ಪಾಗದಂತೆ ತಡೆಯಲು ಅಮೋನಿಯ ಬಳಸುವುದು ಅವರಿಗೆ ನಿತ್ಯದ ಕೆಲಸ, ತರ್ಕ ತಪ್ಪೇನಲ್ಲ. ಆದರೆ ಅಮೋನಿಯ ಹಿತ್ತಾಳೆಯನ್ನು ಬಿರುಕುಬಿಡಿಸುತ್ತದೆ, ನಮ್ಮ ವಾಲ್ವು ಹಿತ್ತಾಳೆಯದು. ಮೂಗಿನ ಮಾತು ಹಾಗಿರಲಿ.

ಆದದ್ದು, ಆಗದ್ದು

ಹಸಿ ಹಲಸಿನ ದಪ್ಪ ದಿಮ್ಮಿಯೊಂದನ್ನು ಮೊದಲಿನಿಂದ ಕೊನೆಯವರೆಗೆ ನಿಲ್ಲಿಸದೆ ಕೊಯ್ದರು. ಹಲಗೆಗಳ ಮೇಲೆ ಕಬ್ಬಿಣದ ನೇರಪಟ್ಟಿ ಇಟ್ಟು ಬೆಳಕು ಹಿಡಿದು ನೋಡಿದೆವು. ಗಂಟಿನ ಹತ್ತಿರ ಎಲ್ಲೋ ಒಂದು ಕಡೆ ಬಿಟ್ಟರೆ ಸಂದಿ ಇಲ್ಲ. ಬ್ಲೇಡು ಬಿಚ್ಚಿದಾಗ ಅಡಿಮೈಯಲ್ಲಿ ತೆಳು ಹಳದಿ ಇತ್ತು, ಬಟ್ಟೆಗೆ ಬಂತು. ಕೊಯ್ಯುವಾಗ ಮಾತ್ರ ಬೀಳುವುದರಿಂದ ಒಂದು ಕ್ಯಾನು ದಿನ ದಾಟಿಸುತ್ತದೆ. ಒಟ್ಟು ಖರ್ಚಿನಲ್ಲಿ ದೊಡ್ಡ ಬಾಬು ವಿದ್ಯುತ್ ವಾಲ್ವಿನದು. ಉಳಿದದ್ದು ತೋಟದ ಶೆಡ್ಡಿನಲ್ಲಿ ಬಿದ್ದಿದ್ದ ಸಾಮಾನು.

ತೆಂಗಿನ ಮರಕ್ಕೆ ಇದರಿಂದ ಏನೂ ಆಗಲಿಲ್ಲ. ತೆಂಗಿನ ಕಾಂಡದ ಹೊರಭಾಗ ಹಲ್ಲನ್ನು ಸವೆಸಿಯೇ ಕೊಲ್ಲುತ್ತದೆ, ಅಲ್ಲಿ ಅಂಟಿನ ಪ್ರಶ್ನೆಯೇ ಇಲ್ಲ. ಪಕ್ಕಾಸಿಗೆ ತೆಂಗು ಕೊಯ್ಯಿಸುವವರು ಗಟ್ಟಿ ಮೊನೆಯ ಬ್ಲೇಡು ಹಾಕಬೇಕು, ಇಲ್ಲವೇ ಪದೇ ಪದೇ ಸಾಣೆ ಹಿಡಿಯಬೇಕು. ತೋಟದಲ್ಲಿ ಎಳೆದು ತಂದ ದಿಮ್ಮಿಯ ತೊಗಟೆಯಲ್ಲಿ ಸಿಕ್ಕಿದ ಕೆಂಪು ಮಣ್ಣು, ಮುರಕಲ್ಲಿನ ಹರಳು ಕೂಡ ಹಾಗೆಯೇ. ಯಜಮಾನರಿಗೆ ಈಗ ಎಲ್ಲವನ್ನೂ ಕ್ಯಾನೇ ಗುಣಪಡಿಸಬೇಕೆಂಬ ನಿರೀಕ್ಷೆ ಬಂದಿದೆ. ತೊಗಟೆ ಕೆತ್ತಿ, ತೊಳೆದು ಏರಿಸಿ ಎಂದು ಹೇಳಿ ಹೇಳಿ ಸಾಕಾಗಿದೆ.

ಸಂಜೆ ನಿಲ್ಲಿಸುವ ಮೊದಲು ನೀರಿನ ವಾಲ್ವಿನ ತಂತಿ ಬಿಚ್ಚಿ ಬ್ಲೇಡನ್ನು ಕೆಲವು ಕ್ಷಣ ಬರಿದೇ ಓಡಿಸಿ ಒಣಗಿಸುವುದು, ಎಣ್ಣೆ ಬಟ್ಟೆಯಿಂದ ಒರೆಸುವುದು, ಬಿಗಿ ಸಡಿಲಿಸುವುದು ಈಗ ಅಲ್ಲಿ ರೂಢಿಯಾಗಿದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ನಾಡಿನಲ್ಲಿ ಒದ್ದೆ ಬ್ಲೇಡು ರಾತ್ರಿ ಕಳೆದರೆ ಬೆಳಗ್ಗೆ ತುಕ್ಕು. ತುಕ್ಕಿನ ಸಣ್ಣ ಗುಳಿಯಿಂದಲೇ ಬಿರುಕು ಹೊರಡುತ್ತದೆ, ಸೆಕೆಂಡಿಗೆ ಆರು ಸುತ್ತು ಬಾಗಿ ಬಾಗಿ ಬೆಳೆಯುತ್ತದೆ.

ಫೆಲ್ಟ್ ಮೇಣ ಕುಡಿದು ಗಟ್ಟಿಯಾಗುತ್ತದೆ, ಸೀಮೆಎಣ್ಣೆಯಲ್ಲಿ ಅದ್ದಿದರೆ ಸ್ವಲ್ಪ ಕಾಲ ಮರಳಿ ಮೆತ್ತಗಾಗುತ್ತದೆ, ಆಮೇಲೆ ಬದಲಿಸಬೇಕು. ಈಗ ಅದು ನಾಲ್ಕು ಸ್ಕ್ರೂಗಳ ಕೆಲಸ. ಒಂದೇ ಪಿನ್ನು ಎಳೆದರೆ ಎರಡೂ ತುಂಡು ಕೈಗೆ ಬರುವಂತೆ ಹಿಡಿಕೆಯನ್ನು ಮತ್ತೆ ಬೆಸೆಯಬೇಕೆಂದಿದ್ದೇನೆ. ಅಷ್ಟರೊಳಗೆ ಯಜಮಾನರು ದೊಡ್ಡ ಬ್ಯಾಂಡ್ ಸಾ ಗರಗಸಕ್ಕೂ ಇದನ್ನೇ ಕಟ್ಟಿಕೊಡಿ ಎನ್ನುತ್ತಿದ್ದಾರೆ. ಅದರ ಬ್ಲೇಡು ಇದಕ್ಕಿಂತ ಎಷ್ಟೋ ಅಗಲ, ನೆಟ್ಟಗೆ ನಿಂತು ಓಡುತ್ತದೆ, ಚಕ್ರಕ್ಕೆ ರಬ್ಬರೂ ಇಲ್ಲ. ಬೇಸಿಗೆಯಲ್ಲಿ ಅಳೆದು ನೋಡುವವರೆಗೆ ಒಪ್ಪಿಕೊಳ್ಳುವುದಿಲ್ಲ ಎಂದು ಹೇಳಿದ್ದೇನೆ.